ತೆಂಗಿನ ಮರ ಹಿಡಿಸುವಷ್ಟು ಮೆಮೊರಿ

ಕಂಪ್ಯೂಟರಿನ ಪರದೆಯ ಮೇಲೆ ಗಿರಗಿರನೆ ತಿರುಗುವ ಪುಟ್ಟ ನೀಲಿ ಉಂಗುರವನ್ನು ನೀವೂ ನೋಡಿರುತ್ತೀರಿ. ಏನೋ ಘನಕಾರ್ಯ ನಡೆದಿದೆಯೆಂಬ ಭ್ರಾಂತಿ ಹುಟ್ಟಿಸಿ ಏನನ್ನೂ ಮಾಡದಿರುವ ಆ ಕಲೆಯಲ್ಲಿ ಅದಕ್ಕೆ ಸರಿಸಮಾನನೆಂದರೆ ನಿವೃತ್ತ ಕನ್ನಡ ಅಧ್ಯಾಪಕನಾದ ನಾನೊಬ್ಬನೇ ಎಂಬುದು ನನ್ನ ಹೆಂಡತಿ ವಿಶಾಲಾಕ್ಷಿಯ ಅಭಿಪ್ರಾಯ.

ವಿಶಾಲಾಕ್ಷಿ ಮದುವೆಗೆ ಮುಂಚೆ ಸಿವಿಲ್ ಡಿಪ್ಲೊಮಾ ಮಾಡಿದವಳು. ಸಂಸಾರದ ಗದ್ದಲದಲ್ಲಿ ಆ ವಿದ್ಯೆ ಅಟ್ಟ ಸೇರಿತ್ತು. ಮಕ್ಕಳು ದೊಡ್ಡವರಾದ ಮೇಲೆ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯುವುದನ್ನು ತಾನಾಗಿಯೇ ಕಲಿತಳು. ಶೆಟ್ಟಿಕೆರೆಯಲ್ಲಿರುವ ಅವಳ ಬಾಲ್ಯದ ಗೆಳತಿ ಗೌರಮ್ಮ ತೋಟದಲ್ಲಿ ಮನೆ ಕಟ್ಟಿಸಲು ಹೊರಟು, "ನಕ್ಷೆ ನೀನೇ ಬರ್ಕೊಡೇ ವಿಶಾಲೂ" ಎಂದಾಗ ಅವಳ ಮುಖದಲ್ಲಿ ಮೂಡಿದ ಕಾಂತಿಯನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ. ಆದರೆ ಮೇಸ್ತ್ರಿ ಸೋಮವಾರವೇ ಪಾಯಕ್ಕೆ ದಾರ ಕಟ್ಟುವವನು. ಅಷ್ಟರೊಳಗೆ ನಕ್ಷೆ ಬರದಿದ್ದರೆ ತನ್ನ ಅಂದಾಜಿನಲ್ಲೇ ಕಟ್ಟುವುದಾಗಿ ಹೇಳಿದ್ದ.

ಗೋಡೆ, ಬಾಗಿಲು, ಜಗಲಿ ಎದ್ದು ನಿಲ್ಲುವವರೆಗೆ ಕಂಪ್ಯೂಟರು ಸಹಿಸಿಕೊಂಡಿತು. ತೋಟದ ತೆಂಗಿನ ಮರಗಳನ್ನು ಗರಿ ಸಮೇತ, ಅವು ನಿಂತ ಜಾಗದಲ್ಲೇ ಅವಳು ಒಂದೊಂದಾಗಿ ನೆಡತೊಡಗಿದಾಗ ಉಸಿರುಗಟ್ಟಿ ನಿಂತಿತು.

"ಮರ ತೆಗೆದುಬುಡು, ಹಗುರ ಆಗುತ್ತೆ" ಎಂದೆ, ಬಿಟ್ಟಿ ಸಲಹೆಗಾರನಾದ ನಾನು.

"ನಕ್ಷೇಲಿ ಮರ ಇಲ್ದಿದ್ರೆ ಮೇಸ್ತ್ರಿ ತೋಟದಲ್ಲೂ ತೆಗೆದುಬುಡ್ತಾನೆ ಕಣ್ರೀ. ಒಂದು ಮರಾನೂ ಕಡೀಬಾರ್ದು ಅಂದಿದ್ದಾಳೆ ಗೌರಿ."

ಹಾಗಾದರೆ ಹಳೆಯ ಫೋಟೋಗಳನ್ನಾದರೂ ಅಳಿಸೋಣವೆಂದೆ. ಅವಳು ನಕ್ಕಳು. ಫೋಟೋ ಇರುವುದು ಹಾರ್ಡ್ ಡಿಸ್ಕೆಂಬ ಕಣಜದಲ್ಲಂತೆ. ಈಗ ಸಾಲದೆ ಬಂದಿರುವುದು ಕೆಲಸ ಮಾಡುವಾಗ ಮುಂದೆ ಹರಡಿಕೊಳ್ಳುವ ಅಂಗಳ, ಅಂದರೆ ಮೆಮೊರಿಯಂತೆ. ಶ್ರುತಿಗೂ ಸ್ಮೃತಿಗೂ ಇರುವ ಭೇದವನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಸ್ಮೃತಿಯಲ್ಲೇ ಎರಡು ಬಗೆಯುಂಟೆಂಬುದು ಆ ದಿನ ತಿಳಿಯಿತು.

ಅವಳು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಬೆರಳುದ್ದದ ಹಳೆಯ ಮೆಮೊರಿ ಪಟ್ಟಿಯನ್ನು ಕಿತ್ತು ಕಾಗದದಲ್ಲಿ ಸುತ್ತಿಕೊಂಡಳು. ಅದಕ್ಕಿಂತ ದೊಡ್ಡದನ್ನು ಕೊಳ್ಳಲು ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಬಸ್ಸು ಹತ್ತಿದೆವು. ಅಲ್ಲಿನ ಕಂಪ್ಯೂಟರ್ ಅಂಗಡಿಯವರು ಬಣ್ಣದ ದೀಪ ಮಿನುಗುವ ಪಟ್ಟಿಯೊಂದನ್ನು ನನ್ನ ಕೈಗಿಟ್ಟು, "ಹೊಸಾ ಪೀಳಿಗೆದು ಸಾರ್, ಕುದುರೆ ಥರ ಓಡುತ್ತೆ" ಎಂದರು. ದೀಪಕ್ಕೆ ಮರುಳಾಗಿ ನಾನು ತಲೆದೂಗಿಯೇಬಿಟ್ಟೆ.

ವಿಶಾಲಾಕ್ಷಿ ಹಳೆಯದನ್ನು ಅದರ ಪಕ್ಕದಲ್ಲಿಟ್ಟಳು. "ಇದರ ಕಚ್ಚು ಇಲ್ಲಿದೆ, ನಮ್ಮದರದ್ದು ಅಲ್ಲಿ. ಕೂರೋದೇ ಇಲ್ವಲ್ರೀ. ನಮಗೆ ಹಳೇ ಪೀಳಿಗೆದೇ, ಡಿಡಿಆರ್ ತ್ರೀ, ಎಂಟು ಜಿಬಿ, ಇದೇ ವೇಗದ್ದು ಬೇಕು."

"ನಿಮ್ ಕಂಪ್ಯೂಟರ್ ಬೋರ್ಡು ಅಷ್ಟು ತಡ್ಕೊಳುತ್ತಾ ಸಾರ್?" ಎಂದು ಅಂಗಡಿಯವರು ಮತ್ತೆ ನನ್ನನ್ನೇ ಕೇಳಿದರು.

ಓದುಗ ಮಿತ್ರರೇ, ಅವಳು ಆಡಿದ ಮಾತಿಗೆ ಉತ್ತರ ನನ್ನ ಕಡೆಗೇ ಬರುವುದು ಎಷ್ಟು ಸಹಜವಾಗಿಬಿಟ್ಟಿತ್ತೆಂದರೆ, ಉತ್ತರಿಸಲು ಬಾಯಿ ತೆರೆದ ಮೇಲಷ್ಟೇ ನನಗದು ಹೊಳೆಯಿತು.

"ಅವರನ್ನೇ ಕೇಳಿ ಸ್ವಾಮಿ. ನಕ್ಷೆ ಬರೆಯೋರು ಅವರು" ಎಂದೆ.

ನಾನು ತನ್ನನ್ನು 'ಅವರು' ಎಂದದ್ದನ್ನು ಮೊದಲ ಸಲ ಕೇಳಿದ ವಿಶಾಲಾಕ್ಷಿ ಸರಕ್ಕನೆ ನನ್ನತ್ತ ತಿರುಗಿದಳು. ಗೇಲಿಯಲ್ಲವೆಂದು ಖಾತ್ರಿಯಾದ ಮೇಲೆ ಅಂಗಡಿಯವರಿಗೆ, "ತಡ್ಕೊಳುತ್ತೆ. ನೋಡ್ಕೊಂಡೇ ಬಂದಿದ್ದೀನಿ" ಎಂದಳು. ಅವರು ಒಳಗಿನಿಂದ ದೀಪವಿಲ್ಲದ, ಹಸಿರು ಬಣ್ಣದ ಸಾದಾ ಪಟ್ಟಿಯೊಂದನ್ನು ಹುಡುಕಿ ತಂದು, ಈ ಸಲ ಅವಳ ಕೈಗೇ ಕೊಟ್ಟರು.

ಭಾನುವಾರ ಗೌರಮ್ಮ ಬಂದಾಗ, ಹೊಸ ಪಟ್ಟಿ ಕೂರಿಸಿಕೊಂಡ ಕಂಪ್ಯೂಟರಿನ ಪರದೆಯ ಮೇಲೆ ಮನೆ, ಮರಗಳ ಸಮೇತ ಸರಾಗವಾಗಿ ಸುತ್ತು ಹಾಕಿತು.

"ಅಯ್ಯೋ, ನಮ್ ತೋಟವೇ ಕಣೇ!" ಎಂದು ಅವರು ಗಲ್ಲಕ್ಕೆ ಕೈಹಚ್ಚಿದರು. ಮರುಗಳಿಗೆಯೇ ಮುಖ ಸಣ್ಣದಾಯಿತು. "ಈ ಮರ ಬಚ್ಚಲಿಗೆ ಅಂಟ್ಕೊಂಡೇ ಐತಲ್ಲೇ. ಕಾಯಿ ಬಿದ್ರೆ ಹೆಂಚು ಉಳೀತದಾ? ಇದೊಂದನ್ನ ಕಡ್ಸಲೇಬೇಕೇನೋ."

"ಮರ ಅಲ್ಲೇ ಇರ್ಲಿ" ಎಂದು ವಿಶಾಲಾಕ್ಷಿ ಬಚ್ಚಲನ್ನೇ ಎತ್ತಿ ಮನೆಯ ಆಚೆ ಬದಿಗಿಟ್ಟಳು. ಕಂಪ್ಯೂಟರು ಮಿಸುಕಲಿಲ್ಲ.

ಸೋಮವಾರ ಶೆಟ್ಟಿಕೆರೆಯ ತೋಟದಲ್ಲಿ ಮೇಸ್ತ್ರಿ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿ, ಗೂಟ ಹಿಡಿದು, "ಗೋಡೆ ಎಲ್ಲಿಗೆ ಬತ್ತದೆ ಅಮ್ಮಾವ್ರೇ?" ಎಂದ. ವಿಶಾಲಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಡಿಸದೆ ಉಳಿಸಿದ ಆ ಮರವನ್ನೊಮ್ಮೆ ತಲೆಯೆತ್ತಿ ನೋಡಿ, ಅದರಿಂದ ದೂರ ಸರಿದು ಕಾಲಿನಿಂದ ಮಣ್ಣಿನಲ್ಲೊಂದು ಗೆರೆ ಎಳೆದಳು.

"ಇಲ್ಲಿ."