ಎಡಗಡೆಯ ದಾರ

ಸತ್ತವರು ಕನಸಿನಲ್ಲಿ ಬಂದು ಹೇಳಿದರು, ಮೈಮೇಲೆ ದೇವರು ಬಂದು ನುಡಿಯಿತು ಎಂದು ಯಾರಾದರೂ ಶುರುಮಾಡಿದರೆ ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದೆ. ಈಗ ಹೋಗುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ. ಎದ್ದು ಹೋಗುವ ಧೈರ್ಯ ಉಳಿದಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ಹಾಸನದ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತ, ಡಾಕ್ಟರೇಟ್‌ಗಾಗಿ ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದೆ. ಪ್ರಜ್ಞೆ ತಪ್ಪಿಸಿದ ಇಲಿಯ ಕತ್ತಿನ ಚರ್ಮ ಕೊಯ್ದು, ಮಿದುಳಿಗೆ ಹೋಗುವ ಎರಡು ರಕ್ತನಾಳಗಳಿಗೂ ರೇಷ್ಮೆ ದಾರ ಕಟ್ಟಿ ಬಿಗಿಯುವುದು. ಸ್ವಲ್ಪ ಹೊತ್ತು ಬಿಟ್ಟು ಬಿಚ್ಚುವುದು. ರಕ್ತ ನಿಂತರೆ ಮಿದುಳಿಗೆ ಪೆಟ್ಟಾಗುತ್ತದೆಂದು ಎಲ್ಲರಿಗೂ ಗೊತ್ತು. ನಿಂತ ರಕ್ತ ಮತ್ತೆ ನುಗ್ಗಿದಾಗ ಆಗುವ ಪೆಟ್ಟು ಬೇರೆಯೇ. ಅದರಿಂದ ಮಿದುಳನ್ನು ಕಾಯುವ ಔಷಧ ನಮ್ಮದು. ಮೊದಲೇ ಔಷಧ ಕೊಟ್ಟ ಇಲಿಗಳು ಮರುದಿನ ಎದ್ದು ಕಾಳು ತಿನ್ನುತ್ತಿದ್ದವು. ಕೊಡದವು ನಿಂತಲ್ಲೇ ಗಿರಕಿ ಹೊಡೆಯುತ್ತಿದ್ದವು.

ಇದನ್ನು ಅಕ್ಕನಿಗೆ ಹೇಳಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಹೊಳೆನರಸೀಪುರದಲ್ಲಿ ಟೀಚರ್ ಆಗಿದ್ದಳು. ಜಿರಲೆಯನ್ನೂ ಕೊಲ್ಲದೆ ಪೊರಕೆಯಿಂದ ಹೊರಗೆ ತಳ್ಳುವವಳು. "ಏನೋ ಮಾಡ್ತೀಯ ಅಲ್ಲಿ?" ಎಂದರೆ "ಮಾತ್ರೆ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ತರಗತಿಯಲ್ಲೇ ಬಿದ್ದಳು. ಹಾಸನದ ಆಸ್ಪತ್ರೆಗೆ ತಂದಾಗ ಬಲಭಾಗಕ್ಕೆ ಲಕ್ವ ಹೊಡೆದಿತ್ತು, ಮಾತು ಹೋಗಿತ್ತು. ಮಧ್ಯಾಹ್ನ ಬಲಗೈ ಬೆರಳು ಅಲುಗಿತು. ಡಾಕ್ಟರ ಮುಖ ಅರಳಿತು. "ಮುಚ್ಚಿದ್ದ ರಕ್ತನಾಳ ತಾನಾಗೇ ತೆರ್ಕೊಂಡಿರ್ಬೇಕು. ಒಳ್ಳೇ ಲಕ್ಷಣ ಕಣ್ರೀ."

ಭಾವ ಕೈಮುಗಿದರು. ನನಗೆ ಮಾತ್ರ ಗಿರಕಿ ಹೊಡೆಯುವ ಇಲಿಗಳು ಕಣ್ಣಮುಂದೆ ಬಂದವು. ನಮ್ಮ ಔಷಧದ ಸೀಸೆ ಅಲ್ಲಿಂದ ಆಟೋದಲ್ಲಿ ಹೋಗಿ ತರುವಷ್ಟು ದೂರದಲ್ಲಿತ್ತು. ಇಲಿಗೆ ಕೊಡಬಹುದಿತ್ತು, ಅಕ್ಕನಿಗೆ ಕೊಡುವಂತಿರಲಿಲ್ಲ.

ಭಾವ ಕಾಫಿಗೆಂದು ಇಳಿದು ಹೋದರು. ನಾನು ಮತ್ತು ಪಕ್ಕದ ಹಾಸಿಗೆ ಸರಿಮಾಡುತ್ತಿದ್ದ ಬೂವನಹಳ್ಳಿಯ ಆಯಾ, ಇಬ್ಬರೇ ಇದ್ದೆವು. ಕಿಟಕಿಯ ಬಿಸಿಲು ಮಂಚದ ಮೇಲಿತ್ತು. ಅಕ್ಕ ಕಣ್ಣು ತೆರೆದಳು. ನನ್ನನ್ನೇ ನೋಡುತ್ತ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಅಂದಳು:

"ದಾರ ಬಿಚ್ಬೇಡ ಕಣೋ. ಬಿಚ್ಚಿದ್ಮೇಲೇ ಉರಿಯೋದು. ಯಾವಾಗ್ಲೂ ಎಡಗಡೇದೇ ಮೊದ್ಲು ಬಿಚ್ತೀಯ."

ಮತ್ತೆ ಕಣ್ಣು ಮುಚ್ಚಿದಳು. ಆಯಾ ದಿಂಬು ಹಿಡಿದುಕೊಂಡು ನಿಂತುಬಿಟ್ಟಿದ್ದಳು. "ಮಾತು ಬಂದ್ಬುಡ್ತಲ್ಲ ಸಾ! ಯಾವ ದಾರ ಸಾ, ಅವ್ರು ಯೋಳಿದ್ದು?"

ಅವಳು ಹಾಗೆ ಕೇಳದಿದ್ದರೆ, ನನಗೇ ಏನೋ ಕೇಳಿಸಿತು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಎಡಗಡೆಯ ದಾರವನ್ನು ಮೊದಲು ಬಿಚ್ಚುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಯಾರೂ ಕಲಿಸಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಆ ಕೋಣೆಯಲ್ಲಿ ನನ್ನ ಜೊತೆ ಇರುತ್ತಿದ್ದುದು ಪ್ರಜ್ಞೆಯಿಲ್ಲದ ಇಲಿಗಳು ಮಾತ್ರ.

ಸಂಜೆಗೆ ಅಕ್ಕನ ಮಿದುಳು ಊದಿಕೊಂಡಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಅವಳಾಡಿದ ಕೊನೆಯ ಮಾತು ಅದೇ.

ನನಗೆ ಡಾಕ್ಟರೇಟ್ ಬಂತು. ಕಾಲೇಜಿನವರು ಶಾಲು ಹೊದಿಸಿದರು. ಔಷಧ ಇಲಿಗಳನ್ನು ದಾಟಿ ಮುಂದೆ ಬರಲೇ ಇಲ್ಲ. ಅದರಿಂದ ಉಳಿದುಕೊಂಡ ಇಲಿಗಳನ್ನೂ, ಮಿದುಳು ಎಷ್ಟು ಚೆನ್ನಾಗಿ ಉಳಿದಿದೆ ನೋಡೋಣವೆಂದು ನಾವೇ ಕೊಂದೆವು. ವಿಜ್ಞಾನದಲ್ಲಿ ಅದಕ್ಕೆ ಯಶಸ್ಸು ಎನ್ನುತ್ತಾರೆ.

ನನ್ನ ಹೆಂಡತಿ "ಹೂ ಕಟ್ಟೋ ದಾರ ಅಂದಿರ್ತಾರೆ ಬಿಡಿ" ಎಂದಳು. ಡಾಕ್ಟರಾಗಿರುವ ಗೆಳೆಯ, ಲಕ್ವ ಹೊಡೆದವರ ಬಾಯಲ್ಲಿ ಏನೇನೋ ಬರುತ್ತದೆ ಎಂದ. ಎರಡನ್ನೂ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾವುದೂ ಮನಸ್ಸಿಗೆ ಒಪ್ಪುವುದಿಲ್ಲ.

ಆಮೇಲೆ ಅಕ್ಕ ಕೆಲವು ವರ್ಷ ಹೊಳೆನರಸೀಪುರದ ಮನೆಯ ನಡುಮನೆಯಲ್ಲಿ ಮಲಗಿಯೇ ಇದ್ದಳು. ಭಾವ ಬಂದರೆ, ನೆರೆಯವರು ಬಂದರೆ, ಹಳೆಯ ವಿದ್ಯಾರ್ಥಿಗಳು ಬಂದರೆ ಅರ್ಧ ಮುಖದಲ್ಲಿ ನಗುತ್ತಿದ್ದಳು. ನಾನು ಬಾಗಿಲು ದಾಟಿದರೆ ಸಾಕು, ಸ್ವಾಧೀನದಲ್ಲಿದ್ದ ಆ ಒಂದು ಕೈಯನ್ನು ಮೆಲ್ಲಗೆ ಎತ್ತಿ ಕತ್ತು ಮುಚ್ಚಿಕೊಳ್ಳುತ್ತಿದ್ದಳು.