ಬಂಡಿಯ ಹಿಂದೆ ಕುಳಿತವಳು

ಎರಡು ತಿಂಗಳಿಂದ ನನ್ನ ಗದ್ದದ ಮೇಲಿನ ಬ್ಲೇಡಿನ ಗಾಯಗಳು ಮಾಯುತ್ತಿಲ್ಲ. ಒಂದು ಮಾಯುವುದರೊಳಗೆ ಇನ್ನೊಂದು ತಯಾರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗೆಳೆಯರು, ‘ಹಳೇ ಬ್ಲೇಡ್ ಒಗೀರಿ ಸರ, ಎಷ್ಟ ವರ್ಷ ಅಂತ ಹೆರಕೋತೀರಿ’ ಎಂದು ಕಾಡುತ್ತಾರೆ. ಬ್ಲೇಡಿನದು ತಪ್ಪಿಲ್ಲ. ಕನ್ನಡಿಯ ಮುಂದೆ ನಿಂತ ಮನುಷ್ಯ ತನ್ನ ಮುಖ ನೋಡಿಕೊಳ್ಳಬೇಕು. ನಾನು ನನ್ನ ಭುಜದ ಹಿಂದೆ ನೋಡುತ್ತೇನೆ, ಅಲ್ಲಿಂದ ಬಸ್ಸು ಬರುತ್ತಿದೆಯೇ ಎಂದು. ನಮ್ಮ ಬಚ್ಚಲಿನಲ್ಲಿ ಎರಡು ಕೊಡ ಇಡಲು ಜಾಗವಿಲ್ಲ, ಬಸ್ಸು ಎಲ್ಲಿಂದ ಬರಬೇಕು? ಇಷ್ಟು ತಿಳಿಯಲಾರದಷ್ಟು ದಡ್ಡನೇನೂ ಅಲ್ಲ. ತೆಲುಗು ಸೀಮೆಯ ಗಡಿಯ ಮಕ್ತಲಿನ ಜೂನಿಯರ್ ಕಾಲೇಜಿನಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು. ವೇಗ, ದೂರ, ಕಾಲ ಈ ಮೂರೇ ನನ್ನ ಅನ್ನ. ಆದರೂ ನೋಡುತ್ತೇನೆ, ಕೈ ಜಾರುತ್ತದೆ, ರಕ್ತ ಬರುತ್ತದೆ.

ಈ ಬಸ್ಸಿನ ಸುದ್ದಿ ಹೇಳಬೇಕಾದರೆ ಮೊದಲು ಬಂಡಿಯ ಸುದ್ದಿ ಹೇಳಬೇಕು.

ನನ್ನ ಅವ್ವ ಮಾಗನೂರಿನ ಹತ್ತಿರದ ಹಳ್ಳಿಯವಳು. ಅವಳ ಅಪ್ಪ ಹತ್ತಿ ಹೇರಿಕೊಂಡು ನಾರಾಯಣಪೇಟೆಗೆ ಬಂಡಿ ಹೊಡೆಯುವಾಗ ಏಳೆಂಟು ವರ್ಷದ ಅವ್ವನನ್ನು ಬಂಡಿಯ ಹಿಂಬದಿಗೆ ಕೂರಿಸುತ್ತಿದ್ದರಂತೆ. ಪ್ರೀತಿಗಲ್ಲ, ಕೆಲಸಕ್ಕೆ. ಹತ್ತಿ ಆಳೆತ್ತರ ಹೇರಿದ ಮೇಲೆ ಮುಂದೆ ಕುಳಿತು ಎತ್ತು ಹೊಡೆಯುವವನಿಗೆ ಹಿಂದಿನದೇನೂ ಕಾಣುವುದಿಲ್ಲ. ಕಾಲು ಇಳಿಬಿಟ್ಟು, ಎತ್ತುಗಳಿಗೆ ಬೆನ್ನು ಮಾಡಿ ಕುಳಿತ ಹುಡುಗಿ ಅಲ್ಲಿಂದ ಕೂಗಬೇಕು: ‘ಅಪ್ಪಾ, ಮಕ್ತಲ್ ಬಸ್ಸ ಬರಾಕತ್ತೈತಿ. ಇನ್ನಾ ಹುಣಸಿಗಿಡದ ಹತ್ರ ಐತಿ. ಬೀಡಿ ಸೇದಿ ಮುಗಸು, ಆಮ್ಯಾಲೆ ಬದಿಗೆ ಸರಿ.’ ಎದ್ದ ಧೂಳಿನ ಬಣ್ಣ ನೋಡಿಯೇ ಬಸ್ಸೋ ಲಾರಿಯೋ ಹೇಳುತ್ತಿದ್ದಳಂತೆ, ಒಂದು ದಿನವೂ ತಪ್ಪಿಲ್ಲವಂತೆ. ನಾವೆಲ್ಲ ಊರಿಗೆ ಹೋಗುವಾಗ ಮುಂದಿನ ಊರನ್ನು ನೋಡುತ್ತ ಹೋಗುತ್ತೇವೆ. ಅವ್ವ ಬಿಟ್ಟ ಊರನ್ನು ನೋಡುತ್ತ ಹೋದವಳು. ನಾರಾಯಣಪೇಟೆ ಬಂತೆಂದು ಅವಳಿಗೆ ಗೊತ್ತಾಗುತ್ತಿದ್ದುದು ಅರ್ಧ ಪೇಟೆ ದಾಟಿದ ಮೇಲೆಯೇ. ಸಿಂಹ ನಾಲ್ಕು ಹೆಜ್ಜೆ ನಡೆದು ಒಮ್ಮೆ ತಿರುಗಿ ನೋಡುತ್ತದೆಂದು ನಮ್ಮ ಪಂಡಿತರು ಅದಕ್ಕೆ ಸಿಂಹಾವಲೋಕನ ಎಂಬ ದೊಡ್ಡ ಹೆಸರಿಟ್ಟಿದ್ದಾರೆ. ದಾರಿಯುದ್ದಕ್ಕೂ ಹಿಂದೆಯೇ ನೋಡಿದ ಹುಡುಗಿಗೆ ಅವರಲ್ಲಿ ಯಾವ ಹೆಸರೂ ಇಲ್ಲ.

ನನ್ನ ಹೆಂಡತಿ ಶಾಂತಾ ನಾರ್ವದ ಶಾಲೆಯಲ್ಲಿ ಟೀಚರು. ದಿನವೂ ಬಸ್ಸಿಗೆ ಕಾಯುವ ಬೇಸರಕ್ಕೆ ಮೂರು ವರ್ಷದ ಕೆಳಗೆ ಒಂದು ಹಳೆಯ ಕಾರು ಕೊಂಡು, ತಾನೇ ನಡೆಸಲು ಕಲಿತಳು. ನನಗೆ ಬರುವುದಿಲ್ಲ. ಗೇರು, ಕ್ಲಚ್ಚು, ಘರ್ಷಣೆ ಎಲ್ಲದರ ಮೇಲೂ ತಾಸುಗಟ್ಟಲೆ ಪಾಠ ಹೇಳಬಲ್ಲೆ. ಸ್ಟಿಯರಿಂಗಿನ ಮುಂದೆ ಕುಳಿತರೆ ಬೆವರುತ್ತೇನೆ. ಶಾಂತಾ ಕಲಿಯುವಾಗ ಜೊತೆಗೆ ಹೋದವಳು ಅವ್ವ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಮುಖ ಮಾಡಿ, ಐವತ್ತು ವರ್ಷದ ಮೇಲೆ ತನ್ನ ಹಳೆಯ ನೌಕರಿಗೆ ಮತ್ತೆ ಹಾಜರಾದಳು. ‘ಸೈಕಲ್ ಬರಾಕತ್ತೈತಿ, ತಡಿ. ಹೋತು. ಈಗ ಖಾಲಿ ಐತಿ, ಹೋಗವ್ವ.’ ಮಕ್ತಲಿನಿಂದ ನಾರ್ವಕ್ಕೆ, ಧನ್ವಾಡಕ್ಕೆ ಎಲ್ಲಿಗೆ ಹೋದರೂ ಹೀಗೇ. ಒಳಗಿನ ಕನ್ನಡಿಯಲ್ಲಿ ಶಾಂತಾಗೆ ಕಾಣುತ್ತಿದ್ದುದು ಅವ್ವನ ತುರುಬು ಮಾತ್ರ. ಒಬ್ಬಳೇ ಹೋಗುವ ಶಾಲೆಯ ದಾರಿ ಖಾಲಿಯದು; ಅತ್ತೆ ಇರುವಾಗ ಹೊರಗಿನ ಕನ್ನಡಿಗಳ ಕಡೆ ನೋಡುವ ರೂಢಿಯೇ ಅವಳಿಗೆ ಆಗಲಿಲ್ಲ. ಹೀಗೆ ಕೂರುವುದು ತಪ್ಪೆಂದು ನನಗೆ ಗೊತ್ತಿತ್ತು. ಅತ್ತೆ ಸೊಸೆ ಅಷ್ಟು ಹೊಂದಿಕೊಂಡು ಮಾಡುವ ಕೆಲಸ ಮನೆಯಲ್ಲಿ ಬೇರೊಂದಿರಲಿಲ್ಲವಾದ್ದರಿಂದ ನಾನು ಸುಮ್ಮನಿದ್ದೆ.

ಅವ್ವನ ಕಣ್ಣಿನ ಪೊರೆ ತೆಗೆಸಿದ್ದೆವು. ಹೈದರಾಬಾದಿನ ಆಸ್ಪತ್ರೆಗೆ ಮತ್ತೊಮ್ಮೆ ತೋರಿಸಲು ಹೋಗಬೇಕಿತ್ತು. ಅದೇ ವಾರ ಗದ್ವಾಲಿನಲ್ಲಿ ಶಾಂತಾಳ ತವರಲ್ಲಿ ಕೂಸಿಗೆ ಹೆಸರಿಡುವುದಿತ್ತು. ಜುರಾಲಾ ಅಣೆಕಟ್ಟಿನ ಮೇಲಿನಿಂದ ಗದ್ವಾಲಿಗೆ ಹೋಗಿ, ಉಂಡು ಮಲಗಿ, ಮರುದಿನ ಮುಂಜಾನೆ ಎರ್ರವಲ್ಲಿಯ ಬಳಿ ದೊಡ್ಡ ರಸ್ತೆಗೆ ಏರಿದೆವು. ಆ ರಸ್ತೆಯಲ್ಲಿ ಶಾಂತಾ ಗಾಡಿ ನಡೆಸಿದ್ದು ಅದೇ ಮೊದಲು. ‘ಎಷ್ಟ ಚಂದ ಐತಿ ರಸ್ತಾ, ರೊಟ್ಟಿ ಬಡದಂಗ’ ಎಂದಳು ಅವ್ವ, ಹಿಂದೆ ನೋಡುತ್ತಲೇ. ಹೊಸ ಕಣ್ಣಿನ ಹುರುಪು ಬೇರೆ. ಎದುರಿನಿಂದ ಬರುವವರಿಗೆಂದು ಹಾಕಿದ ಬೋರ್ಡುಗಳ ತೆಲುಗು ಅಕ್ಷರಗಳನ್ನು, ಅವು ನಮ್ಮನ್ನು ದಾಟಿ ಹಿಂದೆ ಹೋದ ಮೇಲೆ, ಓದಿ ಓದಿ ಹೇಳುತ್ತಿದ್ದಳು.

ಶಾದ್‌ನಗರ ದಾಟಿದ ಮೇಲೆ ವಾಹನಗಳು ದಟ್ಟವಾದವು. ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮೆಲ್ಲಗೆ ಹೋಗುತ್ತಿತ್ತು. ಶಾಂತಾ ಕೇಳಿದಳು, ‘ಅತ್ತಿ, ಹಿಂದ ಏನೈತ್ರಿ?’

‘ಒಂದು ಬಸ್ಸ ಬರಾಕತ್ತೈತಿ ಯವ್ವ. ಇನ್ನಾ ದೂರ ಐತಿ, ನಮ್ಮ ಬಾವಿ ಹೊಲದಷ್ಟು. ಹೋಗವ್ವ, ಹೋಗು.’

ನಾನು ಶೇಂಗಾ ಸುಲಿಯುತ್ತಿದ್ದೆ. ಶಾಂತಾ ಬಲಕ್ಕೆ ತಿರುಗಿಸಿದಳು. ಎಲುಬಿನೊಳಗೆ ಇಳಿಯುವಂಥ ಹಾರ್ನು. ತಿರುಗಿ ನೋಡಿದೆ. ಹಿಂದಿನ ಗಾಜಿನ ತುಂಬ ಬಸ್ಸು. ಅದರ ಗಾಜಿಗೆ ಕಟ್ಟಿದ ಬಾಡಿದ ಚೆಂಡುಹೂವಿನ ಸರ, ತೂಗಾಡುವ ನಿಂಬೆಹಣ್ಣು, ಡ್ರೈವರನ ತೆರೆದ ಬಾಯಿ. ಅವೆಲ್ಲದರ ಮುಂದೆ, ಮಂಡಿಯೂರಿದ ಅವ್ವನ ಪುಟ್ಟ ಬೆನ್ನು. ಶಾಂತಾ ಎಡಕ್ಕೆ ಎಳೆದಳು. ಬಲಗಡೆ ಫಟ್ಟೆಂದು ಸದ್ದಾಯಿತು. ಬಸ್ಸು ನಮ್ಮನ್ನು ಒರಸಿಕೊಂಡು ಮುಂದೆ ಹೋಯಿತು. ಬಾಗಿಲಲ್ಲಿ ಜೋತುಬಿದ್ದವನೊಬ್ಬ ತೆಲುಗಿನಲ್ಲಿ ಕೂಗಿದ, ‘ಕಳ್ಳು ಕನಪಡವಾ?’ ಕಣ್ಣು ಕಾಣೋದಿಲ್ಲವಾ ಎಂದು.

ಅವನು ಕೇಳಿದ್ದು ಗಾಡಿ ನಡೆಸುವವಳನ್ನು. ತನಗೆ ಅಂದ ಮಾತೆಂದು ತೆಗೆದುಕೊಂಡವಳು ಅವ್ವ.

ರಸ್ತೆಯ ಬದಿಗೆ ನಿಂತೆವು. ಬಲಗಡೆಯ ಕನ್ನಡಿ ತಂತಿಗೆ ಜೋತಾಡುತ್ತಿತ್ತು. ಅದನ್ನು ಕರವಸ್ತ್ರದಿಂದ ಕಟ್ಟಿದೆ. ಅದು ಮುಗಿಲಿಗೆ ಮುಖ ಮಾಡಿ ಕುಳಿತಿತು. ಶಾಂತಾ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಒಂದಷ್ಟು ಹೊತ್ತು ಅತ್ತು, ಕಣ್ಣೊರೆಸಿಕೊಂಡು, ಸೀಟಿನ ತುಂಬ ಚೆಲ್ಲಿದ ಶೇಂಗಾ ಸಿಪ್ಪೆ ನೋಡಿ ನನಗೆ ಬೈದಳು. ಬೈದದ್ದು ಒಳ್ಳೆಯದಾಯಿತು, ಅವಳ ಕೈಗೆ ಸ್ವಲ್ಪ ಬಲ ಬಂತು. ಅವ್ವ ತಿರುಗಿ ಕುಳಿತಳು. ಮೊದಲ ಸಲ ಮುಂದೆ ಮುಖ ಮಾಡಿ, ಸೀಟ್ ಬೆಲ್ಟನ್ನು ನನ್ನ ಕೈಯಿಂದ ಹಾಕಿಸಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು.

ಮುಂದೆ ಹೋಗಲೇಬೇಕಿತ್ತು. ಬಲಗಡೆ ಕನ್ನಡಿಯಿಲ್ಲ. ಒಳಗಿನ ಕನ್ನಡಿಯಲ್ಲಿ ಈಗ ತುರುಬಿಲ್ಲದಿದ್ದರೂ ಅದರಲ್ಲಿ ನೋಡಿ ಶಾಂತಾಗೆ ಅಭ್ಯಾಸವಿಲ್ಲ. ‘ಅತ್ತಿ, ಹಿಂದ ಏನೈತ್ರಿ?’ ಎಂದಳು, ದನಿ ಆದಷ್ಟು ಮೊದಲಿನಂತೆ ಮಾಡಿಕೊಂಡು.

‘ನನ್ನ ಕೇಳಬ್ಯಾಡವ್ವ. ನನ್ನ ಕಣ್ಣ ಹೋಗ್ಯಾವು.’

ಹೀಗಾಗಿ ಬಂಡಿಯ ಹಿಂಬದಿಯ ನೌಕರಿ ನನ್ನ ಪಾಲಿಗೆ ಬಂತು. ಎಡಗಡೆಯ ಸೀಟಿನಿಂದ ಕತ್ತು ಹೊರಳಿಸಿ ಶುರುಮಾಡಿದೆ: ‘ಒಂದು ಲಾರಿ. ಸುಮಾರು ನೂರೈವತ್ತು ಮೀಟರ್. ನಮಗಿಂತ ಅದರ ವೇಗ ಹೆಚ್ಚಿರಬಹುದು, ಆದರೆ ನೇರ ನಮ್ಮ ಕಡೆಗೇ ಬರುವ ವಸ್ತುವಿನ ವೇಗ...’

‘ಸರ, ಪಾಠ ಬ್ಯಾಡ್ರಿ. ಹೋಗ್ಲೋ ಬ್ಯಾಡೋ?’ ಎಂದಳು ಶಾಂತಾ.

ನಾನು ಬಾಯಿ ತೆರೆದೆ. ‘ಹೋಗು’ ಎನ್ನಲು ಆಗಲಿಲ್ಲ. ಲಾರಿ ಹೋಯಿತು, ಅದರ ಹಿಂದೆ ಅರ್ಧ ಕಿಲೋಮೀಟರು ಖಾಲಿ ಇತ್ತು; ಆಗಲೂ ಆಗಲಿಲ್ಲ. ‘ಬೇಡ’ ಎಂದೆ. ಮತ್ತೆ ಕೇಳಿದಳು, ಮತ್ತೆ ಬೇಡವೆಂದೆ. ಆ ಹುಲ್ಲಿನ ಟ್ರ್ಯಾಕ್ಟರಿನ ಹಿಂದೆ, ಅದು ತನ್ನ ಊರಿನ ದಾರಿಗೆ ತಿರುಗುವವರೆಗೂ ಹುಲ್ಲಿನ ಧೂಳು ಕುಡಿಯುತ್ತ ಹೋದೆವು. ಅದರ ನಂತರ ಒಂದು ನೀರಿನ ಟ್ಯಾಂಕರಿನ ಹಿಂದೆ. ಹೈದರಾಬಾದು ಮುಟ್ಟುವವರೆಗೆ ನಾವು ಯಾರನ್ನೂ ದಾಟಲಿಲ್ಲ. ಹಿಂದೆ ನೋಡುವುದು ಕಷ್ಟವಲ್ಲ, ಕಣ್ಣಿದ್ದವರೆಲ್ಲ ನೋಡಬಹುದು. ನೋಡಿದ್ದನ್ನು ನಂಬಿ, ತನ್ನ ಕಡೆಗೆ ಬೆನ್ನು ಮಾಡಿ ಕುಳಿತ ಇನ್ನೊಂದು ಜೀವಕ್ಕೆ ‘ಹೋಗು’ ಎನ್ನುವುದಿದೆಯಲ್ಲ, ಅದನ್ನು ಅವ್ವ ಏಳು ವರ್ಷದವಳಿದ್ದಾಗಲೇ ಮಾಡುತ್ತಿದ್ದಳು. ಎರಡು ಡಿಗ್ರಿ ಮಾಡಿದ ನನ್ನಿಂದ ಒಂದು ಸಲವೂ ಆಗಲಿಲ್ಲ.

ಆಸ್ಪತ್ರೆಯ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಅವ್ವ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ಪಟಪಟ ಓದಿದಳು. ‘ಕಣ್ಣು ಬಂಗಾರದಂಗಿವೆ ಅಮ್ಮಾ’ ಎಂದರು ಅವರು ತೆಲುಗಿನಲ್ಲಿ. ಅವ್ವ ಖುಷಿಪಡಲಿಲ್ಲ. ಅವಳೂ ತೆಲುಗಿನಲ್ಲೇ ಕೇಳಿದಳು: ‘ಕಣ್ಣು ಸರಿಯಿದ್ದರೆ ಮತ್ತೆ ಆ ಬಸ್ಸು ಹೇಗೆ ಬಂತು?’ ಪಾಪ, ಅವರಿಗೆ ಯಾವ ಬಸ್ಸೆಂದು ತಿಳಿಯಬೇಕು? ಊರಿಗೆ ಹೋಗುವ ಬಸ್ಸಿನ ವೇಳೆ ಕೇಳುತ್ತಿದ್ದಾಳೆಂದು ತಿಳಿದು, ಕೌಂಟರಿನಲ್ಲಿ ವಿಚಾರಿಸಿ ಎಂದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ಮನೆಗೆ ಬಂದ ಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅವ್ವ ಕಂಡದ್ದು ಸರಿ. ಬಸ್ಸು ಬಾವಿ ಹೊಲದ ಉದ್ದದಷ್ಟೇ, ಅಂದಾಜು ನೂರು ಮೀಟರು, ದೂರವಿತ್ತು. ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿದ್ದ ನಮ್ಮನ್ನು ಅಷ್ಟು ದೂರದಿಂದ ಬಂದು ಮುಟ್ಟಲು ಅದಕ್ಕೆ ನಾಲ್ಕೈದು ಸೆಕೆಂಡು ಸಾಕು. ನೇರ ನಮ್ಮ ಕಡೆಗೇ ಬರುವುದು ಬರುವಂತೆ ಕಾಣುವುದಿಲ್ಲ. ನಿಂತಲ್ಲೇ ನಿಂತು ದೊಡ್ಡದಾಗುತ್ತದೆ ಅಷ್ಟೆ. ‘ಒಂದು ಬಸ್ಸ ಬರಾಕತ್ತೈತಿ ಯವ್ವ, ಇನ್ನಾ ದೂರ ಐತಿ, ನಮ್ಮ ಬಾವಿ ಹೊಲದಷ್ಟು, ಹೋಗವ್ವ ಹೋಗು’ ಎಂದು ಗಡಿಯಾರ ಹಿಡಿದು ಅಂದು ನೋಡಿದೆ. ಅದಕ್ಕೇ ನಾಲ್ಕು ಸೆಕೆಂಡು ಬೇಕು. ಅವ್ವನ ಮಾತು ಶುರುವಾದಾಗ ನಿಜವಿತ್ತು, ಮುಗಿಯುವಷ್ಟರಲ್ಲಿ ಸುಳ್ಳಾಗಿತ್ತು. ನಮ್ಮ ಕಡೆಯ ದಾರಿಗಳಲ್ಲಿ ಒಂದು ನಿಜ ಹೇಳಿದರೆ ಬೀಡಿ ಸೇದಿ ಮುಗಿಸುವವರೆಗೂ ನಿಜವಾಗಿಯೇ ಇರುತ್ತದೆ.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಶಾಂತವಾಗಿ ಕೇಳಿ, ‘ನೀ ಓದಿದಾವ, ಏನಾರ ಒಂದು ಹೇಳ್ತಿ’ ಎಂದು ಎದ್ದುಹೋದಳು.

ಕಾರಿಗೆ ಹೊಸ ಕನ್ನಡಿ ಬಂತು. ಶಾಂತಾ ಈಗ ಮೂರೂ ಕನ್ನಡಿ ನೋಡಿ ನಡೆಸಲು ಕಲಿತಿದ್ದಾಳೆ; ಭಾನುವಾರ ಭಾನುವಾರ ಹೆದ್ದಾರಿಗೂ ಹೋಗಿ ಅಭ್ಯಾಸ ಮಾಡುತ್ತಾಳೆ. ಆದರೆ ಎಲ್ಲ ನೋಡಿದ ಮೇಲೂ ಅರೆಗಳಿಗೆ ತಡೆಯುತ್ತಾಳೆ, ಯಾರೋ ಏನೋ ಅನ್ನಲಿ ಎಂದು ಕಾಯುವವರಂತೆ. ಹಿಂದಿನ ಸೀಟಿನಲ್ಲಿ ಅವ್ವ ಬೆಲ್ಟು ಬಿಗಿದುಕೊಂಡು, ಬಾಯಿಯನ್ನೂ ಬಿಗಿದುಕೊಂಡು ಕೂರುತ್ತಿದ್ದಳು. ಮನೆಯ ಓಣಿಯಿಂದ ಕಾರು ಹಿಂದಕ್ಕೆ ತೆಗೆಯುವಾಗಲೂ, ಮೊದಲಿನಂತೆ ನೋಡಿ ಹೇಳಲು ಹೊರಗೆ ಬರುತ್ತಿರಲಿಲ್ಲ. ‘ಅತ್ತಿ ಸುಮ್ಮ ಕುಂತ್ರ ಗಾಡಿ ಭಾರ ಆದಂಗ ಆಗತೈತ್ರಿ’ ಎಂದು ಶಾಂತಾ ನನ್ನ ಹತ್ತಿರ ಒಂದು ದಿನ ಅಂದಳು. ಎರಡು ತಿಂಗಳು ‘ಖಾಲಿ ಐತಿ’ ಎಂಬ ಮಾತು ನಮ್ಮ ಮನೆಯಲ್ಲಿ ಕೇಳಲಿಲ್ಲ. ಸಿಲಿಂಡರ್ ಮುಗಿದರೂ ಅವ್ವ ಖಾಲಿ ಎನ್ನದೆ ‘ಗ್ಯಾಸ್ ಆಗೇತಿ’ ಎನ್ನುತ್ತಿದ್ದಳು.

ಮೊನ್ನೆ ಮುಂಜಾನೆ ಎಂದಿನಂತೆ ಕನ್ನಡಿಯ ಮುಂದೆ ನಿಂತಿದ್ದೆ. ಗದ್ದಕ್ಕೆ ಬ್ಲೇಡು ಇಟ್ಟೆ, ಭುಜದ ಹಿಂದೆ ನೋಡಿದೆ. ಮತ್ತೆ ಇಟ್ಟೆ, ಮತ್ತೆ ನೋಡಿದೆ. ಬಚ್ಚಲ ಬಾಗಿಲಲ್ಲಿ ಅವ್ವ ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

‘ಏನ ನೋಡ್ತಿ?’

‘ಏನಿಲ್ಲಬೇ.’

‘ಬಸ್ಸ?’

ಅವ್ವ ತಂಬಿಗೆ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡಳು. ನನಗೆ ಬೆನ್ನು ಮಾಡಿ, ಬಚ್ಚಲ ಹೊಸ್ತಿಲ ಮೇಲೆ ಓಣಿಯ ಕಡೆಗೆ ಮುಖ ಮಾಡಿ ಕುಳಿತಳು. ಎದುರಿನ ತೆರೆದ ಮುಂಬಾಗಿಲಾಚೆ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಸರ ಮಾಡಲಿಲ್ಲ. ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದಳು. ಬಸ್ಸು ಬರುತ್ತಿದ್ದ ಜಾಗದಲ್ಲಿ ಈಗ ನನ್ನ ಕನ್ನಡಿಯಲ್ಲಿ ಅವ್ವನ ತುರುಬು ಕಾಣುತ್ತಿತ್ತು.

‘ಖಾಲಿ ಐತಿ’ ಎಂದಳು. ‘ಹೆರಕೋಪ್ಪ.’

ಹೊರಗೆ ಕಾರಿನಲ್ಲಿ ಕುಳಿತಿದ್ದ ಶಾಂತಾಗೆ ಅದು ಕೇಳಿಸಿರಬೇಕು. ‘ಅತ್ತಿ, ಮಗಗಷ್ಟ ಹೇಳಿದ್ರ ಹ್ಯಾಂಗ್ರಿ? ಗಾಡಿ ಹಿಂದಕ ತಗೀಬೇಕು, ಬರ್ರಿ’ ಎಂದು ಕೂಗಿದಳು.

‘ತಡಿಬೇ, ಇವಂದ ಮುಗೀಲಿ’ ಎಂದಳು ಅವ್ವ, ಓಣಿಯಿಂದ ಕಣ್ಣು ತೆಗೆಯದೆ. ಅಂದು ಶಾಂತಾ ಶಾಲೆಗೆ ಹತ್ತು ನಿಮಿಷ ತಡವಾಗಿ ಹೋದಳು. ನನ್ನ ಗದ್ದಕ್ಕೆ ಒಂದೂ ಗಾಯವಾಗಲಿಲ್ಲ.