ಆಲ್ಗಾಟನ ಕಲ್ಲುಸಕ್ಕರೆ

ಅಲಾಸ್ಕಾದ ಕಣಿವೆಯಲ್ಲಿ ಚಿನ್ನ ಹುಡುಕುತ್ತಿದ್ದ ಸ್ವೀಡನ್ನಿನವರಲ್ಲೆಲ್ಲ ಹೊಗಳುವುದರಲ್ಲಿ ಮಹಾ ಜಿಪುಣ ಆಲ್ಗಾಟ್. ಕರಡಿಯಿಂದ ಪಾರಾದರೂ, ಪಾಲುದಾರ ಸಿಕ್ಸ್ಟನ್ ರೊಟ್ಟಿ ಸೀಯಿಸಿದರೂ ಅವನದು ಒಂದೇ ಮಾತು: "ಅಷ್ಟೇನ್ ಕೆಟ್ಟದಾಗಿಲ್ಲ ಬಿಡು." ತನ್ನೂರಿನ ರೂಢಿಯಂತೆ ಕಲ್ಲುಸಕ್ಕರೆಯನ್ನು ಹಲ್ಲಲ್ಲಿ ಕಚ್ಚಿ, ಬಸಿಯಿಂದ ಕಾಫಿ ಸೊರ್ರನೆ ಹೀರದೆ ಹಾರೆ ಮುಟ್ಟಿದವನಲ್ಲ. ಹಿಮ ದಾರಿ ಮುಚ್ಚಿ ಸಾಮಾನು ಬರದ ಚಳಿಗಾಲದಲ್ಲೂ ಸಿಕ್ಸ್ಟನ್‌ಗೊಂದು ಹರಳು ಕೊಟ್ಟು, ಬೆನ್ನು ತಿರುಗಿಸಿ ತಾನೊಂದು ಬಾಯಿಗಿಡುತ್ತಿದ್ದ. ಹೊಳೆಯ ಹಿಮ ಕರಗಿದರೂ ದಾರಿ ಇನ್ನೂ ತೆರೆಯದ ಒಂದು ಬೆಳಿಗ್ಗೆ, ಬಾಯಲ್ಲಿ ಹರಳಿಟ್ಟುಕೊಂಡೇ ಮರಳು ಜಾಲಿಸುತ್ತಿದ್ದಾಗ ಬೋಗುಣಿಯ ತಳದಲ್ಲಿ ಚಿನ್ನ ಧಗಧಗಿಸಿತು. "ಗೆದ್ವಲ್ಲೋ!" ಎಂದು ಆಲ್ಗಾಟ್ ಕಣಿವೆಯೇ ನಡುಗುವಂತೆ ಕೂಗಿದ. ಬಾಯಿಂದ ಹರಳು ಬೋಗುಣಿಗೆ ಠಣ್ಣನೆ ಬಿತ್ತು. ನೀರಲ್ಲಿ ಕರಗಲೇ ಇಲ್ಲ. ಸಿಕ್ಸ್ಟನ್ ಎತ್ತಿ ನೋಡಿದರೆ ಹೊಳೆಯ ಬಿಳಿಗಲ್ಲು! "ಲೋ ಕಳ್ಳಾ, ಸಕ್ಕರೆಯೆಲ್ಲಾ ನಂಗೆ ತಿನ್ಸಿ ನೀನು ಕಲ್ಲು ಚೀಪ್ತಿದ್ಯಾ?" ಆಲ್ಗಾಟ್ ಅದನ್ನು ಕಸಿದು, ಮತ್ತೆ ಹಲ್ಲಲ್ಲಿ ಕಚ್ಚಿಕೊಂಡು ನಕ್ಕ. "ಅಷ್ಟೇನ್ ಕೆಟ್ಟದಾಗಿರ್ಲಿಲ್ಲ ಬಿಡೋ."